ಗಣಪ್ರಸಾರವೂ ಸ್ವಿಚ್ಚಿನ ಕಿವಿಯೂ

ವ್ಯಾಕರಣವನ್ನೂ ಛಂದಸ್ಸನ್ನೂ ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದ ನನ್ನಂಥವನು ಗಣಕಯಂತ್ರಗಳ ಜಾಲವನ್ನು ಕುರಿತು ಬರೆಯಲು ಲೇಖನಿ ಹಿಡಿದಿರುವುದನ್ನು ಕಂಡು ವಾಚಕರಲ್ಲಿ ಕೆಲವರಿಗಾದರೂ ಅಚ್ಚರಿಯಾದೀತು. ಸಂಪಾದಕ ಮಂಡಲಿಯವರು ಈ ಸಂಚಿಕೆಗಾಗಿ ನನ್ನಿಂದ ಬಯಸಿದ್ದು ಹಳಗನ್ನಡದ ಸಮಾಸಪ್ರಕರಣವನ್ನು ಕುರಿತ ಲೇಖನವನ್ನು. ಅದನ್ನು ಮುಂದಿನ ವರ್ಷಕ್ಕೆ ಉಳಿಸಿಕೊಂಡು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ಶಾಲೆಯಲ್ಲಿ ಹಿಂದಿನ ವರ್ಷ ಹತ್ತನೆಯ ತರಗತಿಯ ಗಣಿತಪಾಠಕ್ಕೆ ಒದಗಿದ ಒಂದು ವಿಘ್ನವೂ ಅದು ನೀಗಿದ ಬಗೆಯೂ ಅಧ್ಯಾಪಕರ ಕೊಠಡಿಯಲ್ಲಿ ನಾನಾ ರೂಪ ತಳೆದು ಹರಡಿವೆ. ಪರದೆಗಳನ್ನೂ ತಂತಿಗಳನ್ನೂ ಕೊಡಿಸಿದ ದಾನಿಗಳ ಕಿವಿಗೂ ಅವುಗಳಲ್ಲಿ ಒಂದೆರಡು ಬಿದ್ದಿವೆಯೆಂದು ಕೇಳಿದ್ದೇನೆ. ನಡೆದುದನ್ನು ನಡೆದಂತೆ, ಅದರ ಹಿಂದಿನ ತತ್ತ್ವವನ್ನು ನನಗೆ ತಿಳಿದಮಟ್ಟಿಗೆ, ಇಲ್ಲಿ ನಿರೂಪಿಸುತ್ತೇನೆ.

ಗಣಿತವನ್ನು ಬೋಧಿಸುವ ಒಬ್ಬರೇ ಅಧ್ಯಾಪಕರು ಉಳಿದಿದ್ದ ಕಾಲ ಅದು. ಅವರು ಒಂದು ಕೊಠಡಿಯಲ್ಲಿ ಹೇಳುವ ಪಾಠವನ್ನು ಎಲ್ಲ ವಿಭಾಗಗಳ ಮಕ್ಕಳೂ ತಮ್ಮ ತಮ್ಮ ಕೊಠಡಿಗಳಲ್ಲಿ ಕುಳಿತೇ ನೋಡಲೆಂದು ಏರ್ಪಾಡು ಮಾಡಲಾಯಿತು. ಹಳೆಯ ಕಟ್ಟಡದಲ್ಲಿ ೧೪, ಹೊಸ ಕಟ್ಟಡದಲ್ಲಿಯೂ ಪ್ರಸಾದನಿಲಯದ ಓದುಮನೆಯಲ್ಲಿಯೂ ಸೇರಿ ೧೦, ಒಟ್ಟು ೨೪ ಪರದೆಗಳು. ಗಣಿತಪಾಠವಲ್ಲದೆ ಅತಿಥಿಗಳ ಉಪನ್ಯಾಸವಿದ್ದ ದಿನ ಎಲ್ಲ ತರಗತಿಗಳಿಗೂ ಅದನ್ನು ಮುಟ್ಟಿಸಬೇಕೆಂಬುದೂ ಉದ್ದೇಶವಾಗಿತ್ತು.

ಒಂದೆಡೆಯಿಂದ ನುಡಿದುದು ಹಲವೆಡೆ ಕೇಳಿಸುವುದು ನಮ್ಮ ಸೀಮೆಗೆ ಹೊಸತಲ್ಲ. ೧೯೫೦ರ ಜನವರಿ ೮ರಂದು ಧಾರವಾಡದ ಆಕಾಶವಾಣಿ ಆರಂಭವಾದ ಮೇಲೆ ಬೈಲಹೊಂಗಲ, ಸವದತ್ತಿಗಳ ಮನೆಗಳಲ್ಲಿಯೂ ಅದರ ದನಿ ಕೇಳಿಬರತೊಡಗಿತು. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷಕಾಲ ನಡೆದ ‘ಸೈಟ್’ ಎಂಬ ಉಪಗ್ರಹ ದೂರದರ್ಶನದ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಒಂದೇ ಆಕಾಶಮಾರ್ಗದಿಂದ ಪಾಠ ಕಂಡವು. ಕರ್ನಾಟಕದ ಹಳ್ಳಿಗಳೂ ಅವುಗಳಲ್ಲಿದ್ದವು. ೨೦೦೪ರ ಸೆಪ್ಟೆಂಬರ್ ೨೦ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಎಂಬ, ಶಿಕ್ಷಣಕ್ಕೇ ಮೀಸಲಾದ ಉಪಗ್ರಹವು ಹಾರಿತು. ಆ ಯೋಜನೆಯ ಪ್ರಾಯೋಗಿಕ ಹಂತಕ್ಕಾಗಿ ಆರಿಸಲ್ಪಟ್ಟ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಅದರ ಮೂಲಕ ಪಾಠಗಳು ಇಳಿದುಬಂದವು. ಆ ಉಪಗ್ರಹದ ಸೇವೆ ಮುಗಿದು ವರ್ಷಗಳೇ ಆದವು.

ಆಕಾಶಮಾರ್ಗದ ಈ ಪ್ರಸಾರಗಳಿಗೆ ಒಂದು ಸೌಕರ್ಯವುಂಟು. ಹತ್ತು ಮಂದಿ ಕೇಳಲಿ, ಹತ್ತು ಸಾವಿರ ಮಂದಿ ಕೇಳಲಿ, ಕಳುಹುವವನ ವೆಚ್ಚ ಒಂದೇ. ಮಳೆ ಬಿದ್ದಂತೆ ಅದು ಎಲ್ಲ ಹೊಲಗಳ ಮೇಲೂ ಬೀಳುತ್ತದೆ. ಬೇಕಾದವನು ಪಾತ್ರೆ ಒಡ್ಡುತ್ತಾನೆ. ತಂತಿಯ ಜಾಲದ ರೀತಿ ಹಾಗಲ್ಲ. ಅದು ಮಳೆಯಲ್ಲ, ಕಾಲುವೆ. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಟ ಮಲಪ್ರಭೆಯ ನೀರು ಎಡದಂಡೆ ಬಲದಂಡೆಗಳಾಗಿ, ಉಪಕಾಲುವೆಗಳಾಗಿ, ಹೊಲಗಾಲುವೆಗಳಾಗಿ ಕವಲೊಡೆಯುವಾಗ ಪ್ರತಿಯೊಂದು ಕವಲಿನಲ್ಲಿಯೂ ತೂಬಿನ ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂಬ ಪ್ರಶ್ನೆ ಏಳುತ್ತದೆ. ನೀರುಗಂಟಿಗೆ ಯಾವ ಹೊಲಕ್ಕೆ ಈ ಸರತಿಯಲ್ಲಿ ನೀರು ಬೇಕೆಂಬುದು ತಿಳಿದಿರಬೇಕು. ತಿಳಿಯದೆ ಎಲ್ಲ ಬಾಗಿಲುಗಳನ್ನೂ ಎತ್ತಿಬಿಟ್ಟರೆ ಬೇಡದ ಹೊಲ ಜವುಗಾಗುತ್ತದೆ. ಯಾವುದನ್ನೂ ಎತ್ತದಿದ್ದರೆ ಬೇಕಾದ ಹೊಲ ಒಣಗುತ್ತದೆ. ನಮ್ಮ ಶಾಲೆಯಲ್ಲಿ ಇವೆರಡೂ ನಡೆದವು. ಮೊದಲು ಜವುಗು, ಆಮೇಲೆ ಬರ. ಹೋಲಿಕೆಯಲ್ಲಿ ಒಂದು ಅಂತರವನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ನೀರು ಕವಲೊಡೆದಷ್ಟೂ ಕಡಿಮೆಯಾಗುತ್ತದೆ, ಮಾಹಿತಿ ಹಾಗಾಗುವುದಿಲ್ಲ. ಕವಲಿನಲ್ಲಿ ಅದರ ನಕಲು ಹುಟ್ಟುತ್ತದೆ, ದೀಪದಿಂದ ದೀಪ ಹೊತ್ತಿಸಿದ ಹಾಗೆ.

ಇನ್ನು ಪರಿಭಾಷೆ. ಜಾಲದಲ್ಲಿ ಮಾಹಿತಿಯನ್ನು ಕಳುಹುವ ವಿಧಾನಗಳು ಮೂರು. ಒಂದು ಯಂತ್ರವು ಇನ್ನೊಂದೇ ಯಂತ್ರಕ್ಕೆ ಕಳುಹಿದರೆ ಯೂನಿಕಾಸ್ಟ್, ಎಲ್ಲಕ್ಕೂ ಕಳುಹಿದರೆ ಬ್ರಾಡ್‌ಕಾಸ್ಟ್, ಬೇಕೆಂದು ಹೇಳಿಕೊಂಡ ಕೆಲವಕ್ಕೆ ಮಾತ್ರ ಕಳುಹಿದರೆ ಮಲ್ಟಿಕಾಸ್ಟ್. ಈ ಕೊನೆಯದನ್ನು ‘ಗುಂಪುಪ್ರಸಾರ’ ಎನ್ನೋಣವೆಂದು ಮೊದಲು ಯೋಚಿಸಿದ್ದೆ. ಕನ್ನಡ ಸಂಸ್ಕೃತಗಳ ಅರಿಸಮಾಸವಾಯಿತೆಂದು ಕೇಶಿರಾಜನ ಶಿಷ್ಯಪರಂಪರೆಯವರು ಮುನಿದಾರೆಂಬ ಭಯದಿಂದ ‘ಗಣಪ್ರಸಾರ’ ಎಂದು ತಿದ್ದಿಕೊಂಡಿದ್ದೇನೆ. ಉಳಿದೆರಡನ್ನು ಏಕಪ್ರಸಾರ, ಸರ್ವಪ್ರಸಾರ ಎಂದರಾಯಿತು. ಸ್ವಿಚ್ಚು ಎಂಬುದಕ್ಕೆ ಒಳ್ಳೆಯ ಕನ್ನಡ ಪದ ನನಗೆ ಹೊಳೆಯಲಿಲ್ಲ. ಗೋಡೆಯ ಮೇಲಿನ ದೀಪದ ಗುಂಡಿಯನ್ನು ಇಲ್ಲಿ ನೆನೆಯಬಾರದು. ಹತ್ತು, ಇಪ್ಪತ್ತು, ನಲವತ್ತು ಕಿಂಡಿಗಳುಳ್ಳ ಒಂದು ಪೆಟ್ಟಿಗೆ ಅದು; ಒಂದೊಂದು ಕಿಂಡಿಗೆ ಒಂದೊಂದು ತಂತಿ; ತಂತಿಯ ಆಚೆಯ ತುದಿಯಲ್ಲಿ ಗಣಕಯಂತ್ರವೋ ಪರದೆಯೋ ಮುದ್ರಣಯಂತ್ರವೋ ಇನ್ನೊಂದು ಸ್ವಿಚ್ಚೋ ಇರುತ್ತದೆ.

ಮೊದಲ ಪ್ರಯತ್ನವು ಏಕಪ್ರಸಾರದಿಂದಲೇ ನಡೆಯಿತು. ಪಾಠದ ಚಿತ್ರವೂ ಧ್ವನಿಯೂ ಸೇರಿ ಸೆಕೆಂಡಿಗೆ ೪ ಮೆಗಾಬಿಟ್ ಮಾಹಿತಿಯಾಗುತ್ತಿತ್ತು. ೨೪ ಪರದೆಗಳಿಗೆ ೨೪ ಪ್ರತಿಗಳು, ಒಟ್ಟು ೯೬ ಮೆಗಾಬಿಟ್. ಚಿತ್ರವನ್ನು ಕಳುಹುವ ಯಂತ್ರದ ಹಳೆಯ ಕಿಂಡಿಯ ಶಕ್ತಿ ಸೆಕೆಂಡಿಗೆ ೧೦೦ ಮೆಗಾಬಿಟ್. ಕಾಗದದ ಮೇಲೆ ಲೆಕ್ಕ ಸರಿಹೊಂದುತ್ತದೆ. ಆದರೆ ಕಂಠದವರೆಗೆ ತುಂಬಿದ ಕೊಡವನ್ನು ಹೊತ್ತು ನಡೆದರೆ ತುಳುಕದಿರುವುದಿಲ್ಲವಷ್ಟೆ. ಗಣಿತದ ಅಧ್ಯಾಪಕರ ಕೈ ಕರಿಹಲಗೆಯ ನಡುವೆ ಸ್ತಂಭಿಸಿ ನಿಂತುಬಿಡುವುದು, ಧ್ವನಿ ಮಾತ್ರ ಮುಂದಕ್ಕೆ ಹೋಗುವುದು, ಮಕ್ಕಳು ನಗುವುದು ದಿನಚರಿಯಾಯಿತು.

ಒಂದೇ ಪ್ರತಿಯನ್ನು ಕಳುಹಿ, ಕವಲಿನಲ್ಲಿ ನಕಲು ಮಾಡಿಸಿಕೊಳ್ಳುವ ಗಣಪ್ರಸಾರವು ಇರುವುದೇ ಇಂಥ ಸಂದರ್ಭಕ್ಕೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಡೀರಿಂಗ್ ಎಂಬವರು ೧೯೮೯ರಲ್ಲಿ ಇದರ ನಿಯಮಗಳನ್ನು ಆರ್.ಎಫ್.ಸಿ. ೧೧೧೨ ಎಂಬ ಪತ್ರದಲ್ಲಿ ನಿರೂಪಿಸಿದರು. ೨೨೪ರಿಂದ ೨೩೯ರವರೆಗಿನ ಅಂಕೆಗಳಿಂದ ಆರಂಭವಾಗುವ ಇಂಟರ್‌ನೆಟ್ ವಿಳಾಸಗಳನ್ನು ಗಣಗಳಿಗೆಂದು ಮೀಸಲಿಟ್ಟರು. ಅಂಥ ವಿಳಾಸವು ಯಾವ ಯಂತ್ರದ ಮನೆಯ ವಿಳಾಸವೂ ಅಲ್ಲ. ಅದು ಒಂದು ಗೋಷ್ಠಿಯ ಹೆಸರು. ಗೋಷ್ಠಿಗೆ ಸೇರಿದವರಿಗೆ ಅದರಲ್ಲಿ ನುಡಿದುದು ಕೇಳಿಸುತ್ತದೆ. ನುಡಿಯುವವನಿಗೆ ಯಾರು ಯಾರು ಸೇರಿದ್ದಾರೆಂದು ತಿಳಿದಿರಬೇಕಾದ ಅಗತ್ಯವಿಲ್ಲ.

ನಮ್ಮ ಪಾಠಕ್ಕೂ ಇಂಥದೊಂದು ಗಣದ ವಿಳಾಸವನ್ನು ಕೊಡಲಾಯಿತು. ಕಳುಹುವ ಯಂತ್ರದ ಹೊರೆ ೯೬ರಿಂದ ೪ಕ್ಕೆ ಇಳಿಯಿತು. ಎಲ್ಲ ಪರದೆಗಳಲ್ಲಿಯೂ ಚಿತ್ರ ನಿರ್ಮಲವಾಗಿ ಮೂಡಿತು. ಆದರೆ ಅಂದೇ ಮಧ್ಯಾಹ್ನ ಕಚೇರಿಯ ಗುಮಾಸ್ತರು ಓಡಿಬಂದರು. ಪ್ರವೇಶಪತ್ರಗಳ ಕೆಲಸ ನಿಂತಿದೆ, ವೈ-ಫೈ ಸತ್ತಿದೆ, ಸಂಬಳದ ಪಟ್ಟಿ ಹೋಗುತ್ತಿಲ್ಲ ಎಂದರು. ಪಾಠ ಮುಗಿದೊಡನೆ ಎಲ್ಲವೂ ತಾನಾಗಿ ಸರಿಹೋಯಿತು. ಮರುದಿನ ಪಾಠ ಆರಂಭವಾದೊಡನೆ ಮತ್ತೆ ಅದೇ ಅವಸ್ಥೆ. ಇದು ನಾನು ಹೇಳಿದ ಜವುಗು.

ಇದನ್ನು ತಿಳಿಯಬೇಕಾದರೆ ಸ್ವಿಚ್ಚು ವಿಳಾಸಗಳನ್ನು ಕಲಿಯುವ ಬಗೆಯನ್ನು ನೋಡಬೇಕು. ಪ್ರತಿಯೊಂದು ಯಂತ್ರಕ್ಕೂ ಹುಟ್ಟಿನಿಂದಲೇ ಬಂದ ಒಂದು ಗುರುತಿನ ಸಂಖ್ಯೆಯುಂಟು. ಅದನ್ನು ಮ್ಯಾಕ್ ವಿಳಾಸವೆನ್ನುವರು. ಮಾಹಿತಿಯ ಪೊಟ್ಟಣವೊಂದು ಬಂದಾಗ ಸ್ವಿಚ್ಚು ಕಳುಹಿದವರ ಸಂಖ್ಯೆಯನ್ನು ಓದಿ, ‘ಈ ಸಂಖ್ಯೆಯವರು ಈ ಕಿಂಡಿಯ ಆಚೆ ಇದ್ದಾರೆ’ ಎಂದು ಗುರುತು ಹಾಕಿಕೊಳ್ಳುತ್ತದೆ. ಮುಂದೆ ಅದೇ ಸಂಖ್ಯೆಗೆ ಪೊಟ್ಟಣ ಬಂದರೆ ಆ ಕಿಂಡಿಗೆ ಮಾತ್ರ ಕಳುಹುತ್ತದೆ. ಗುರುತಿಲ್ಲದ ಸಂಖ್ಯೆಗೆ ಬಂದರೆ, ಎಲ್ಲೋ ಒಂದು ಕಡೆ ಇದ್ದಾನೆಂದು ಭಾವಿಸಿ, ಬಂದ ಕಿಂಡಿಯೊಂದನ್ನುಳಿದು ಎಲ್ಲ ಕಿಂಡಿಗಳಿಗೂ ಹಂಚುತ್ತದೆ. ಹೊಸ ಅಂಚೆಯವನು ಊರಿನಲ್ಲಿ ಮನೆಮನೆಗೂ ಹೋಗಿ ವಿಚಾರಿಸುವಂತೆ ಇದು. ಗಣದ ವಿಳಾಸವಾದರೋ ಎಂದೂ ‘ಇಂದ’ ಎಂಬ ಸ್ಥಾನದಲ್ಲಿ ಬರುವುದಿಲ್ಲ; ಬರುವುದೆಲ್ಲ ‘ಗೆ’ ಎಂಬ ಸ್ಥಾನದಲ್ಲಿ. ಪಂಚಮಿಯಲ್ಲಿ ಕಾಣಿಸದೆ ಚತುರ್ಥಿಯಲ್ಲಿಯೇ ಕಾಣಿಸಿಕೊಳ್ಳುವ ನಾಮಪದವೆನ್ನಬಹುದು. ಆದುದರಿಂದ ಸ್ವಿಚ್ಚು ಎಷ್ಟು ಕಾಲ ಕೆಲಸ ಮಾಡಿದರೂ ಅದನ್ನು ಕಲಿಯಲಾರದು. ಕಲಿಯದುದರಿಂದ ಪ್ರತಿಯೊಂದು ಪೊಟ್ಟಣವನ್ನೂ ಎಲ್ಲ ಕಿಂಡಿಗಳಿಗೂ ಸುರಿಯುತ್ತದೆ. ಗಣಪ್ರಸಾರವು ಹೀಗೆ ಸರ್ವಪ್ರಸಾರವಾಗಿಬಿಡುತ್ತದೆ.

ತಂತಿಗೆ ಈ ೪ ಮೆಗಾಬಿಟ್ ದೊಡ್ಡ ಹೊರೆಯಲ್ಲ. ನಿಜವಾದ ಪೆಟ್ಟು ಬೀಳುವುದು ವೈ-ಫೈಗೆ. ಅಲ್ಲಿ ಗಣಪ್ರಸಾರದ ಪೊಟ್ಟಣಗಳನ್ನು ಎಲ್ಲರಿಗೂ ನಿಲುಕಲೆಂದು ಅತ್ಯಂತ ಮಂದವಾದ ಮೂಲವೇಗದಲ್ಲಿ ಕಳುಹುವುದು ವಾಡಿಕೆ. ಹಳೆಯ ರೀತಿಯ ೨.೪ ಗಿಗಾಹರ್ಟ್ಸ್ ವ್ಯವಸ್ಥೆಯಲ್ಲಿ ಅದು ಸೆಕೆಂಡಿಗೆ ಕೇವಲ ೧ ಮೆಗಾಬಿಟ್ ಇದ್ದೀತು. ನಾಲ್ಕರ ಹೊರೆಯನ್ನು ಒಂದರ ಹಾದಿಗೆ ಸುರಿದರೆ ಆ ಹಾದಿಯಲ್ಲಿ ಇನ್ನಾರಿಗೂ ಎಡೆ ಸಿಕ್ಕದು. ವೈ-ಫೈಯನ್ನೇ ನಂಬಿದ್ದ ಕಚೇರಿಯ ಯಂತ್ರಗಳ ಗತಿ ಹೀಗಾಯಿತು.

ಇಷ್ಟರಲ್ಲಿ ವಿಷಯ ಸಮಿತಿಯ ಮುಂದೆ ಹೋಯಿತು. ಅಂತರ್ಜಾಲದ ಸಂಪರ್ಕ ಸಾಲದು, ಇನ್ನೂ ವೇಗದ್ದು ಬೇಕು ಎಂದು ಒಬ್ಬರು. ತಂತಿಗಳನ್ನೆಲ್ಲ ಕಿತ್ತು ಹೊಸತು ಹಾಕಿಸಬೇಕು ಎಂದು ಇನ್ನೊಬ್ಬರು. ಅಂದಾಜುಪತ್ರವೂ ತಯಾರಾಯಿತು. ವಾಸ್ತವದಲ್ಲಿ ನಮ್ಮ ಪಾಠವು ಶಾಲೆಯ ಆವರಣವನ್ನು ಬಿಟ್ಟು ಹೊರಗೆ ಹೋಗುತ್ತಿರಲೇ ಇಲ್ಲ. ಅಂತರ್ಜಾಲದ ವೇಗವನ್ನು ಹೆಚ್ಚಿಸಿದ್ದರೆ ಅದರಿಂದ ಎಳ್ಳಷ್ಟೂ ಉಪಯೋಗವಾಗುತ್ತಿರಲಿಲ್ಲ. ಆ ಹಣ ಹೋಗಿಯೇಬಿಡುತ್ತಿತ್ತು. ಸಭೆಯಲ್ಲಿ ನಾನೂ ಇದ್ದೆ. ನನಗೂ ಆಗ ಏನೂ ತಿಳಿದಿರಲಿಲ್ಲ, ಕೈಯೆತ್ತುವವರೊಡನೆ ಕೈಯೆತ್ತುವವನೇ ಇದ್ದೆ. ನನ್ನಲ್ಲಿ ಹಳಗನ್ನಡ ಓದಿ ಈಗ ಬೆಂಗಳೂರಿನಲ್ಲಿ ಜಾಲದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ಜಾತ್ರೆಗೆಂದು ಊರಿಗೆ ಬಂದಿದ್ದನು. ನಿರ್ಣಯವನ್ನು ಒಂದು ವಾರ ಮುಂದೂಡಿಸಿ ಅವನನ್ನು ಕರೆತಂದೆವು.

ಅವನು ಹೇಳಿದ ಉಪಾಯವೇ ಐ.ಜಿ.ಎಂ.ಪಿ. ಸ್ನೂಪಿಂಗ್. ಈ ಪದಪುಂಜವನ್ನು ಬಿಡಿಸಿ ನೋಡಬೇಕು. ಐ.ಜಿ.ಎಂ.ಪಿ. ಎಂದರೆ ಗಣದ ಸದಸ್ಯತ್ವವನ್ನು ನಡೆಸುವ ಸಂಭಾಷಣೆಯ ಕ್ರಮ. ಗೋಷ್ಠಿಗೆ ಸೇರಬಯಸುವ ಯಂತ್ರವು ‘ನಾನು ಈ ಗಣಕ್ಕೆ ಸೇರಿದ್ದೇನೆ’ ಎಂಬ ವರದಿಯನ್ನು ಕಳುಹುತ್ತದೆ. ಇದು ಹುಟ್ಟಿದ್ದು ರೌಟರ್ ಎಂಬ ದಾರಿಗಾರ ಯಂತ್ರದ ಸಲುವಾಗಿ, ಹೊರಗಿನ ಗಣಪ್ರಸಾರವನ್ನು ಒಳಗೆ ಬಿಡಬೇಕೆ ಬೇಡವೆ ಎಂದು ಅದಕ್ಕೆ ತಿಳಿಸಲಿಕ್ಕೆ. ನಡುವಿನ ಸ್ವಿಚ್ಚಿಗೂ ಈ ಮಾತಿಗೂ ಸಂಬಂಧವಿರಲಿಲ್ಲ. ಸ್ವಿಚ್ಚು ಲಕೋಟೆಯ ಮೇಲಿನ ವಿಳಾಸ ಓದುವ ಅಂಚೆಯವನು. ಒಳಗಿನ ಕಾಗದ ಓದುವುದು ಅವನ ಧರ್ಮವಲ್ಲ. ಆದರೂ ಅವನು ಈ ಒಂದು ಬಗೆಯ ಕಾಗದವನ್ನು ಮಾತ್ರ ಓದಿಕೊಂಡರೆ ಎಷ್ಟು ಅನುಕೂಲವೆಂದು ಯಂತ್ರ ತಯಾರಕರಿಗೆ ಹೊಳೆಯಿತು. ‘ಮೂರನೆಯ ಕಿಂಡಿಯಿಂದ ಸೇರ್ಪಡೆಯ ವರದಿ ಹೋಯಿತು, ಹಾಗಾದರೆ ಈ ಗಣದ ಪೊಟ್ಟಣಗಳನ್ನು ಮೂರನೆಯ ಕಿಂಡಿಗೆ ಕೊಡಬೇಕು, ನಾಲ್ಕನೆಯದರಿಂದ ವರದಿಯಿಲ್ಲ, ಅಲ್ಲಿಗೆ ಬೇಡ’ ಎಂದು ಸ್ವಿಚ್ಚು ಪಟ್ಟಿ ಬರೆದುಕೊಳ್ಳುತ್ತದೆ. ಇದೇ ಸ್ನೂಪಿಂಗ್. ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಕದ್ದು ಕೇಳುವ ಕುಹಕದ ಛಾಯೆಯಿದೆ. ಇಲ್ಲಿ ನಡೆಯುವುದು ಕೇಡಿಲ್ಲದ ಆಲಿಸುವಿಕೆ. ಬಹುಕಾಲ ಪ್ರತಿಯೊಬ್ಬ ತಯಾರಕನೂ ತನಗೆ ತೋಚಿದಂತೆ ಇದನ್ನು ಅಳವಡಿಸಿದನು, ೨೦೦೬ರಲ್ಲಿ ಆರ್.ಎಫ್.ಸಿ. ೪೫೪೧ ಎಂಬ ಪತ್ರವು ಹೀಗಿದ್ದರೆ ಒಳ್ಳೆಯದೆಂಬ ಸಲಹೆಗಳನ್ನು ಒಟ್ಟುಗೂಡಿಸಿತು. ಅದು ಸಲಹೆಯೇ ಹೊರತು ಶಾಸನವಲ್ಲ. ಆದುದರಿಂದಲೇ ಪೆಟ್ಟಿಗೆಯಿಂದ ಪೆಟ್ಟಿಗೆಗೆ ನಡತೆಯಲ್ಲಿ ಭೇದ ಕಾಣುತ್ತದೆ.

ನಮ್ಮ ಸ್ವಿಚ್ಚುಗಳಲ್ಲಿ ಈ ಸೌಲಭ್ಯ ಮೊದಲೇ ಇದ್ದಿತು. ಯಾರೂ ಚಾಲನೆ ಮಾಡಿರಲಿಲ್ಲ. ಅವನು ಮಾಡಿದ. ಯಾರೂ ಬಯಸದ ಗಣದ ಹರಿವನ್ನು ಎಲ್ಲಿಗೂ ಬಿಡಬಾರದೆಂಬ ಇನ್ನೊಂದು ಕಟ್ಟಳೆಯನ್ನೂ ಹಾಕಿ, ಅಂದು ಸಂಜೆಯ ಗಾಡಿಗೆ ಬೆಂಗಳೂರಿಗೆ ಹೊರಟುಹೋದ. ಮರುದಿನ ಕಚೇರಿ ಸುಖವಾಗಿತ್ತು, ವೈ-ಫೈ ಎದ್ದು ಕುಳಿತಿತ್ತು. ಆದರೆ ಹೊಸ ಕಟ್ಟಡದ ೧೦ ಪರದೆಗಳಲ್ಲಿ ಚಿತ್ರವೇ ಬರಲಿಲ್ಲ. ಹಳೆಯ ಕಟ್ಟಡದ ೧೪ರಲ್ಲಿ ಬಂದಿತು; ಬಂದು, ಅಧ್ಯಾಪಕರು ಪ್ರಮೇಯದ ಪ್ರತಿಜ್ಞೆಯನ್ನು ಬರೆದು ಸಾಧನೆಗೆ ತೊಡಗುವ ಹೊತ್ತಿಗೆ ನಿಂತುಹೋಯಿತು. ಪರದೆಯನ್ನು ಆರಿಸಿ ಮತ್ತೆ ಹೊತ್ತಿಸಿದರೆ ಮತ್ತೆ ಬಂತು, ಮತ್ತೆ ನಿಂತಿತು. ಕೈಗಡಿಯಾರ ಹಿಡಿದು ನೋಡಿದ ವಿಜ್ಞಾನದ ಅಧ್ಯಾಪಕರು ಪ್ರತಿ ಸಲವೂ ನಾಲ್ಕು ನಿಮಿಷದ ಮೇಲೆ ಇಪ್ಪತ್ತು ಸೆಕೆಂಡು ಎಂದು ಬರೆದಿಟ್ಟರು. ಈ ಒಂದು ಟಿಪ್ಪಣಿಯೇ ಮುಂದೆ ನಮ್ಮನ್ನು ಕಾಪಾಡಿತು. ಪರೀಕ್ಷೆಗೆ ಆಗ ಉಳಿದಿದ್ದುದು ಏಳು ವಾರ.

ದೂರವಾಣಿಯಲ್ಲಿ ಈ ಲೆಕ್ಕವನ್ನು ಕೇಳಿದೊಡನೆ ಅವನು ಗಟ್ಟಿಯಾಗಿ ನಕ್ಕು, ‘ಗುರುಗಳ, ನಿಮ್ಮಲ್ಲಿ ಕೇಳಾವ್ರು ಯಾರೂ ಇಲ್ರಿ’ ಎಂದನು. ನನಗೆ ಸ್ವಲ್ಪ ಸಿಟ್ಟೇ ಬಂದಿತು. ‘ಇಪ್ಪತ್ನಾಕು ಕೋಣಿ ತುಂಬ ಕೇಳಾವ್ರದಾರಲ್ಲೊ’ ಎಂದೆ. ‘ಆ ಕೇಳಾವ್ರಲ್ರಿ, ಪ್ರಶ್ನಿ ಕೇಳಾವ್ರು’ ಎಂದನು. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಶ್ರವಣ, ಪ್ರಶ್ನೆ ಎಂಬೆರಡು ಅರ್ಥಗಳಿರುವುದನ್ನು ಮೂವತ್ತು ವರ್ಷ ಪಾಠ ಹೇಳಿದ ನನಗೆ, ಜಾಲಕ್ಕೆ ಆ ಎರಡೂ ಬೇಕೆಂಬುದನ್ನು ಶಿಷ್ಯನು ಹೇಳಿಕೊಡಬೇಕಾಯಿತು.

ಸಂಗತಿ ಇಷ್ಟು. ಗಣಕ್ಕೆ ಸೇರುವ ಯಂತ್ರವು ಸೇರುವಾಗ ತಾನಾಗಿ ವರದಿ ಕೊಡುತ್ತದೆ. ಆಮೇಲೆ ಯಾರಾದರೂ ವಿಚಾರಿಸಿದರೆ ಮಾತ್ರ ಮತ್ತೆ ಹೇಳುತ್ತದೆ, ಇಲ್ಲವಾದರೆ ಸುಮ್ಮನಿರುತ್ತದೆ. ವಿಚಾರಿಸುವವನಿಗೆ ಕ್ವೆರಿಯರ್ ಎಂದು ಹೆಸರು. ಸಾಮಾನ್ಯವಾಗಿ ಗಣಪ್ರಸಾರವನ್ನು ಬಲ್ಲ ರೌಟರ್ ಈ ಕೆಲಸ ಮಾಡುತ್ತದೆ. ಅದು ೧೨೫ ಸೆಕೆಂಡುಗಳಿಗೊಮ್ಮೆ ‘ಯಾರು ಯಾರಿಗೆ ಯಾವ ಯಾವ ಗಣ ಬೇಕು?’ ಎಂದು ಎಲ್ಲರನ್ನೂ ಕೇಳುತ್ತದೆ. ಯಂತ್ರಗಳು ೧೦ ಸೆಕೆಂಡುಗಳೊಳಗಾಗಿ, ಎಲ್ಲವೂ ಒಮ್ಮೆಗೇ ಕೂಗದಂತೆ ಬೇರೆಬೇರೆ ಕ್ಷಣಗಳಲ್ಲಿ, ಉತ್ತರಿಸುತ್ತವೆ. ಸ್ವಿಚ್ಚು ತನ್ನ ಪಟ್ಟಿಯನ್ನು ಈ ಉತ್ತರಗಳಿಂದ ನವೀಕರಿಸುತ್ತದೆ. ಒಂದು ಪ್ರಶ್ನೆಯೋ ಉತ್ತರವೋ ದಾರಿಯಲ್ಲಿ ಕಳೆದುಹೋದೀತೆಂದು ಎರಡು ಸರತಿ ಕಾಯುವುದು ನಿಯಮ. ೧೨೫ರ ಎರಡರಷ್ಟು ೨೫೦, ಉತ್ತರದ ಅವಧಿ ೧೦, ಕೂಡಿ ೨೬೦ ಸೆಕೆಂಡು. ಅಷ್ಟರಲ್ಲಿ ಒಂದು ಕಿಂಡಿಯಿಂದ ವರದಿ ಬಾರದಿದ್ದರೆ ಅಲ್ಲಿ ಕೇಳುಗರಿಲ್ಲವೆಂದು ಹೆಸರನ್ನು ಹೊಡೆದುಹಾಕುತ್ತದೆ. ೨೬೦ ಸೆಕೆಂಡು ಎಂದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ನಮ್ಮ ಪ್ರಸಾದನಿಲಯದಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಮನಸ್ಸಿಗೆ ಹತ್ತೀತು. ಸಂಜೆ ಮೇಲ್ವಿಚಾರಕರು ಅಂಗಳದಲ್ಲಿ ನಿಂತು ರಾತ್ರಿಯ ಊಟಕ್ಕೆ ಯಾವ ಯಾವ ಕೋಣೆಯಲ್ಲಿ ಹುಡುಗರಿದ್ದಾರೆಂದು ಕೂಗಿ ಕೇಳುತ್ತಿದ್ದರು. ಉತ್ತರ ಬಂದ ಕೋಣೆಗೆ ರೊಟ್ಟಿಯ ಲೆಕ್ಕ. ಮೇಲ್ವಿಚಾರಕರು ರಜೆಯ ಮೇಲೆ ಹೋದ ದಿನ ಕೂಗುವವರಿಲ್ಲ. ಹುಡುಗರು ಕೋಣೆಯಲ್ಲಿಯೇ ಇದ್ದಾರೆ, ಹಸಿದೂ ಇದ್ದಾರೆ. ಅಡಿಗೆಯವರು ಮಾತ್ರ ಯಾರೂ ಇಲ್ಲವೆಂದು ಒಲೆ ಆರಿಸುತ್ತಾರೆ. ನಮ್ಮ ಶಾಲೆಯಲ್ಲಿದ್ದ ಸಣ್ಣ ರೌಟರ್ ಗಣಪ್ರಸಾರದ ಗೊಡವೆಗೆ ಹೋಗದ ಜಾತಿಯದು. ಆಲಿಸುವವನನ್ನು ನೇಮಿಸಿದೆವು, ವಿಚಾರಿಸುವವನನ್ನು ನೇಮಿಸುವುದು ಮರೆತೆವು.

ಹೊಸ ಕಟ್ಟಡಕ್ಕೆ ಚಿತ್ರವೇ ಹೋಗದಿದ್ದುದಕ್ಕೂ ಕಾರಣ ಇದೇ. ಪ್ರಶ್ನೆಯು ಯಾವ ಕಿಂಡಿಯಿಂದ ಬಂದಿತೋ ಆ ಕಿಂಡಿಯ ದಿಕ್ಕಿನಲ್ಲಿ ರೌಟರ್ ಇದೆಯೆಂದು ಸ್ವಿಚ್ಚು ತಿಳಿಯುತ್ತದೆ. ವರದಿಗಳನ್ನು ಆ ದಿಕ್ಕಿಗೆ ಮಾತ್ರ ಮುಂದುವರಿಸುತ್ತದೆ. ಪ್ರಶ್ನೆಯೇ ಇಲ್ಲದಾಗ ಹೊಸ ಕಟ್ಟಡದ ಸ್ವಿಚ್ಚಿಗೆ ತನ್ನ ಪರದೆಗಳ ವರದಿಗಳನ್ನು ಎತ್ತ ಕಳುಹಬೇಕೆಂದು ತಿಳಿಯಲಿಲ್ಲ, ತನ್ನಲ್ಲಿಯೇ ಇಟ್ಟುಕೊಂಡಿತು. ಹಳೆಯ ಕಟ್ಟಡದ ಸ್ವಿಚ್ಚಿಗೆ ಆಚೆ ಹತ್ತು ಪರದೆಗಳು ಬಾಯಿ ತೆರೆದು ಕಾದಿವೆಯೆಂಬ ಸುದ್ದಿ ಮುಟ್ಟಲೇ ಇಲ್ಲ.

ಪರಿಹಾರಕ್ಕೆ ತಗಲಿದ ವೆಚ್ಚ ಸೊನ್ನೆ. ನಡುವಣ ಸ್ವಿಚ್ಚಿನಲ್ಲಿಯೇ ಕ್ವೆರಿಯರ್ ಆಗಿ ನಡೆಯುವ ಸೌಲಭ್ಯವಿತ್ತು. ಅದಕ್ಕೊಂದು ವಿಳಾಸ ಕೊಟ್ಟು, ಆ ಗುಂಡಿಯನ್ನು ತೆರೆದುದಷ್ಟೆ. ಎರಡು ನಿಮಿಷಗಳಲ್ಲಿ ಹೊಸ ಕಟ್ಟಡದ ಪರದೆಗಳೆಲ್ಲ ಬೆಳಗಿದವು. ಹಳೆಯ ಕಟ್ಟಡದಲ್ಲಿ ಪ್ರಮೇಯದ ಸಾಧನೆ ಕೊನೆಯ ಸಾಲಿನವರೆಗೂ ನಡೆಯಿತು. ಅಂದಾಜುಪತ್ರವನ್ನು ಸಮಿತಿಯು ಕಡತಕ್ಕೆ ಸೇರಿಸಿತು.

ಇಂಥ ಏರ್ಪಾಡು ಮಾಡಹೊರಟ ಶಾಲೆಗಳಿಗೆ ಉಪಯೋಗವಾಗುವ ಕೆಲವು ಸೂಕ್ಷ್ಮಗಳನ್ನು ಇಲ್ಲಿ ಸೇರಿಸುತ್ತೇನೆ. ಕ್ವೆರಿಯರನ್ನು ಹರಿವು ಹುಟ್ಟುವ ಕಡೆಗೆ ಹತ್ತಿರವಾಗಿ, ಮಧ್ಯದ ಸ್ವಿಚ್ಚಿನಲ್ಲಿ ಇರಿಸುವುದು ಲೇಸು. ಏಕೆಂದರೆ ಗಣಪ್ರಸಾರದ ಪೊಟ್ಟಣಗಳೆಲ್ಲ ಅದಿರುವ ದಿಕ್ಕಿಗೂ, ಅಲ್ಲಿ ಕೇಳುಗರಿರಲಿ ಬಿಡಲಿ, ಹರಿಯುತ್ತವೆ. ಇಬ್ಬರು ಕ್ವೆರಿಯರುಗಳಿದ್ದರೆ ಜಗಳವಿಲ್ಲ. ವಿಳಾಸದ ಸಂಖ್ಯೆ ಯಾರದು ಕಿರಿದೋ ಅವನು ಕೇಳುತ್ತಾನೆ, ಮತ್ತೊಬ್ಬನು ಸುಮ್ಮನಾಗುತ್ತಾನೆ. ಹಿರಿಯನು ಸುಮ್ಮನಿದ್ದು ಕಿರಿಯನು ಮಾತಾಡುವ ಈ ಕ್ರಮ ನಮ್ಮ ಸಭೆಗಳ ರೂಢಿಗೆ ವಿರುದ್ಧವೆನ್ನಿಸಬಹುದು.

೧೯೯೭ರ ಎರಡನೆಯ ಆವೃತ್ತಿಯಲ್ಲಿ ಗಣವನ್ನು ಬಿಡುವಾಗ ಹೇಳಿ ಹೋಗುವ ಪದ್ಧತಿ ಸೇರಿತು. ಮೊದಲನೆಯದರಲ್ಲಿ ಅದು ಇರಲಿಲ್ಲ. ಬಿಟ್ಟವನ ಹೆಸರು ಅವಧಿ ತೀರುವ ತನಕ ಪಟ್ಟಿಯಲ್ಲಿಯೇ ಇದ್ದು ಹರಿವು ವ್ಯರ್ಥವಾಗುತ್ತಿತ್ತು. ಈಗ ಬಿಡುವೆನೆಂಬ ಮಾತು ಕೇಳಿಬಂದರೆ ಕ್ವೆರಿಯರು ‘ಆ ಕಡೆ ಇನ್ನಾರಾದರೂ ಉಳಿದಿದ್ದೀರಾ?’ ಎಂದು ಸೆಕೆಂಡಿಗೊಮ್ಮೆಯಂತೆ ಎರಡು ಸಲ ಕೇಳಿ, ಉತ್ತರವಿಲ್ಲದಿದ್ದರೆ ಬಾಗಿಲು ಮುಚ್ಚಿಸುತ್ತಾನೆ. ಹಳೆಯ ಆ ಎರಡು ಆವೃತ್ತಿಗಳಲ್ಲಿ ಇನ್ನೊಂದು ಸೌಜನ್ಯವಿತ್ತು: ಒಂದೇ ಗಣದವನೊಬ್ಬನು ಉತ್ತರಿಸಿದ್ದು ಕೇಳಿದರೆ ಉಳಿದವರು ಬಾಯಿ ಮುಚ್ಚಿಕೊಳ್ಳುತ್ತಿದ್ದರು, ರೌಟರಿಗೆ ಒಬ್ಬನ ಉತ್ತರವೇ ಸಾಕಾದುದರಿಂದ. ಆಲಿಸುವ ಸ್ವಿಚ್ಚಿಗೆ ಈ ಸೌಜನ್ಯವೇ ತೊಡಕು. ಅದಕ್ಕೆ ಪ್ರತಿಯೊಂದು ಕಿಂಡಿಯ ಉತ್ತರವೂ ಬೇಕು. ಆದುದರಿಂದ ಅದು ಒಬ್ಬನ ವರದಿಯನ್ನು ಇನ್ನೊಬ್ಬನ ಕಿವಿಗೆ ಬೀಳಗೊಡದೆ ರೌಟರಿನ ಕಡೆಗೆ ಮಾತ್ರ ಬಿಡುತ್ತದೆ. ಪ್ರತಿಯೊಬ್ಬನೂ ತಾನೇ ಮೊದಲು ಹೇಳುತ್ತಿದ್ದೇನೆಂದು ತಿಳಿದು ಹೇಳುತ್ತಾನೆ. ೨೦೦೨ರ ಮೂರನೆಯ ಆವೃತ್ತಿಯಲ್ಲಿ ಈ ಮೌನವನ್ನೇ ತೆಗೆದುಹಾಕಿದರು.

ಗಣದ ವಿಳಾಸವನ್ನು ಆರಿಸುವಾಗಲೂ ಎಚ್ಚರ ಬೇಕು. ಸಂಸ್ಥೆಯೊಳಗಿನ ಬಳಕೆಗೆ ೨೩೯ರಿಂದ ಆರಂಭವಾಗುವ ವಿಳಾಸಗಳು ತಕ್ಕವು. ಆದರೆ ಈ ವಿಳಾಸವನ್ನು ಮ್ಯಾಕ್ ಸಂಖ್ಯೆಯಾಗಿ ಪರಿವರ್ತಿಸುವಾಗ ಗಣವನ್ನು ಗುರುತಿಸುವ ೨೮ ಬಿಟ್‌ಗಳಲ್ಲಿ ೨೩ಕ್ಕೆ ಮಾತ್ರ ಅಲ್ಲಿ ಸ್ಥಳವುಂಟು, ಐದು ಬಿಟ್ಟುಹೋಗುತ್ತವೆ. ಫಲವಾಗಿ ೩೨ ಬೇರೆಬೇರೆ ಗಣಗಳಿಗೆ ಒಂದೇ ಮ್ಯಾಕ್ ಸಂಖ್ಯೆ ಬರುತ್ತದೆ. ಅಡ್ಡಹೆಸರು ಮಾತ್ರ ಬರೆದು ‘ಪಾಟೀಲರಿಗೆ’ ಎಂದು ನಮ್ಮ ತಾಲೂಕಿನ ಹಳ್ಳಿಗೆ ಕಾಗದ ಹಾಕಿದಂತೆ. ಪೂರ್ತಿ ೨೮ಕ್ಕೂ ಎಡೆ ದೊರೆಯಬೇಕಾದರೆ ಡೀರಿಂಗರಿಗೆ ೧೬ ಸಂಖ್ಯಾಸಮೂಹಗಳು ಬೇಕಿದ್ದವಂತೆ. ಒಂದೊಂದರ ಬೆಲೆ ಸಾವಿರ ಡಾಲರು. ಜಾನ್ ಪೋಸ್ಟೆಲ್ ಎಂಬ ಹಿರಿಯರು ಒಂದನ್ನು ಮಾತ್ರ ಕೊಂಡು, ಅದರಲ್ಲಿಯೂ ಅರ್ಧವನ್ನು ಇದಕ್ಕೆ ಕೊಟ್ಟರೆಂದು ಈ ವಿದ್ಯೆಯವರಲ್ಲಿ ಐತಿಹ್ಯವಿದೆ. ದಾನಿಗಳು ಇದನ್ನು ಓದಿ ಮುಗುಳ್ನಗಬಹುದು. ಅದಿರಲಿ, ೨೨೪.೦.೦ ಎಂದು ಆರಂಭವಾಗುವ ವಿಳಾಸಗಳು ಜಾಲದ ಆಂತರಿಕ ವ್ಯವಹಾರಕ್ಕೆ ಮೀಸಲು. ಅವನ್ನು ಸ್ವಿಚ್ಚು ಯಾವಾಗಲೂ ಎಲ್ಲ ಕಿಂಡಿಗಳಿಗೂ ಬಿಡುತ್ತದೆ. ನಾವು ೨೩೯.೦.೦.೫ ಎಂದು ಆರಿಸಿದರೆ ಅದರ ಮ್ಯಾಕ್ ಸಂಖ್ಯೆಯೂ ೨೨೪.೦.೦.೫ರದೂ ಒಂದೇ ಆಗುತ್ತದೆ. ಮ್ಯಾಕ್ ಸಂಖ್ಯೆಯನ್ನೇ ನೋಡಿ ನಡೆಯುವ ಸ್ವಿಚ್ಚುಗಳಲ್ಲಿ ನಮ್ಮ ಪಾಠವೂ ಎಲ್ಲೆಡೆ ಸುರಿಯುತ್ತದೆ, ಜವುಗು ಮರಳುತ್ತದೆ. ೨೩೯.೧೨೮.೦ ಎಂಬ ಆರಂಭವೂ ಇದೇ ಕಾರಣದಿಂದ ವರ್ಜ್ಯ. ನಾವು ೨೩೯.೧೦.೧೦.೧ ಎಂಬುದನ್ನು ಇಟ್ಟುಕೊಂಡಿದ್ದೇವೆ.

ಸ್ವಿಚ್ಚನ್ನು ಕೊಡಿಸಲು ದಾನಿಗಳು ಮುಂದೆ ಬರುತ್ತಾರೆ. ಅದರ ಮೇಲೆ ಹೆಸರು ಬರೆಸಬಹುದು. ಅದನ್ನು ನೋಡಿಕೊಳ್ಳುವ ಮನುಷ್ಯನ ವೇತನಕ್ಕೆ ಯಾರೂ ಬರುವುದಿಲ್ಲ. ನಮ್ಮಲ್ಲಿ ಈಗ ವಿಜ್ಞಾನದ ಅಧ್ಯಾಪಕರೇ ಆ ಹೊಣೆಯನ್ನು ಹೊತ್ತಿದ್ದಾರೆ. ವಿದ್ಯುತ್ತು ಹೋಗಿ ಬಂದಾಗಲೆಲ್ಲ ನಡುವಣ ಸ್ವಿಚ್ಚು ತನ್ನ ಕಟ್ಟಳೆಗಳನ್ನು ಮರೆಯದಂತೆ ಉಳಿಸಿಡುವುದನ್ನು ಅವರು ಕಲಿತುಕೊಂಡರು.

ಕಿತ್ತೂರು, ಸವದತ್ತಿ, ರಾಮದುರ್ಗಗಳ ನಮ್ಮ ಶಾಖಾಶಾಲೆಗಳಿಗೂ ಪಾಠ ಮುಟ್ಟಬೇಕೆಂಬ ಬೇಡಿಕೆ ಬಂದಿದೆ. ಇಲ್ಲಿಯ ಗಣಪ್ರಸಾರವನ್ನು ಹಾಗೆಯೇ ಅಲ್ಲಿಗೆ ಹರಿಸಲು ಬಾರದು. ಸಾರ್ವಜನಿಕ ಅಂತರ್ಜಾಲದ ಸೇವೆ ಒದಗಿಸುವವರು ಸಾಮಾನ್ಯವಾಗಿ ಅನ್ಯರ ಗಣಪ್ರಸಾರವನ್ನು ಹೊತ್ತು ದಾಟಿಸುವುದಿಲ್ಲ. ಆದುದರಿಂದ ಒಂದೊಂದು ಊರಿಗೆ ಒಂದೊಂದು ಪ್ರತಿಯನ್ನು ಏಕಪ್ರಸಾರವಾಗಿ ಕಳುಹಿ, ಅಲ್ಲಿಯ ಒಂದು ಯಂತ್ರದಿಂದ ಅದನ್ನು ಮತ್ತೆ ಗಣಪ್ರಸಾರವಾಗಿ ಹೊರಡಿಸುವ ಕ್ರಮವನ್ನು ಗೊತ್ತುಮಾಡಿದೆ. ಮೂರು ಊರಿಗೆ ೧೨ ಮೆಗಾಬಿಟ್. ಇದು ನಮ್ಮ ಈಗಿನ ಸಂಪರ್ಕಕ್ಕೆ ಭಾರವಲ್ಲ. ಕಿತ್ತೂರಿನಲ್ಲಿಯೂ ಸವದತ್ತಿಯಲ್ಲಿಯೂ ಇದು ನಡೆಯುತ್ತಿದೆ. ರಾಮದುರ್ಗದ ಶಾಲೆಗೆ ಸ್ವಿಚ್ಚುಗಳನ್ನು ಇನ್ನು ಕೊಳ್ಳಬೇಕಾಗಿದೆ. ಕೊಳ್ಳುವ ಸಮಿತಿಯವರಿಗೆ ನನ್ನ ಅರಿಕೆ ಇಷ್ಟೆ: ಪೆಟ್ಟಿಗೆಗೆ ಆಲಿಸಲು ಬರುತ್ತದೆಯೇ ಎಂದು ವಿಚಾರಿಸುವುದರೊಡನೆ ಪ್ರಶ್ನೆ ಕೇಳಲೂ ಬರುತ್ತದೆಯೇ ಎಂದು ವಿಚಾರಿಸಿರಿ, ಅಳವಡಿಸಿದವರು ಚಿತ್ರ ಬಂದೊಡನೆ ಬಿಲ್ಲನ್ನು ಮುಂದೊಡ್ಡಿದರೆ, ಅತ್ಯಂತ ದೂರದ ಕೊಠಡಿಯ ಪರದೆಯ ಮುಂದೆ ಅವರನ್ನೂ ಕೂಡಿಸಿಕೊಂಡು, ಒಂದು ಬಟ್ಟಲು ಚಹಾ ಕೊಟ್ಟು, ಐದು ನಿಮಿಷ ಕಳೆದ ಮೇಲೆ ಸಹಿ ಮಾಡಿರಿ.